ಹಕೀಮರ ಹೆಸರು, ಕಾಡಿನ ಬೇರು

ಮನೆಯಲ್ಲಿ ಯಾರಿಗಾದರೂ ರಕ್ತದೊತ್ತಡ ಏರಿತೆಂದರೆ ನಮ್ಮ ಮೊಹಲ್ಲಾಗಳಲ್ಲಿ ಎರಡು ಮಾತು ಕೇಳಿಬರುತ್ತವೆ. ‘ಇಂಗ್ಲಿಷ್ ಗುಳಿಗೆ ಬೇಡ, ಗರ್ಮಿ ಆಗುತ್ತದೆ’ ಎನ್ನುವವರು ಒಂದು ಕಡೆ. ‘ಹಕೀಮರ ಬೇರುನಾರು ನಂಬಿ ಕೂತರೆ ಜೀವವೇ ಹೋದೀತು’ ಎನ್ನುವವರು ಇನ್ನೊಂದು ಕಡೆ. ಈ ಜಗಳ ಕೇಳುತ್ತಲೇ ಬೆಳೆದವರು ನಾವು. ಉರ್ದು ಪಾಠದಲ್ಲಿ ಹಕೀಮ್ ಅಜ್ಮಲ್ ಖಾನರು ಸ್ವಾತಂತ್ರ್ಯ ಹೋರಾಟಗಾರರಾಗಿ ಬಂದರು. ಕನ್ನಡದಲ್ಲಿ ಕಲಿತ ವಿಜ್ಞಾನದಲ್ಲಿ ಸರ್ಪಗಂಧಿ ಔಷಧಿ ಸಸ್ಯವಾಗಿ ಬಂತು. ಹಕೀಮರಿಗೂ ಆ ಗಿಡಕ್ಕೂ ಇರುವ ನಂಟನ್ನು ನಮಗೆ ಯಾರೂ ಹೇಳಲಿಲ್ಲ.

ಸರ್ಪಗಂಧಿ ಆಳೆತ್ತರಕ್ಕೂ ಬಾರದ ಸಣ್ಣ ಗಿಡ. ಪಶ್ಚಿಮ ಘಟ್ಟದ ಮಳೆಕಾಡಿನ ನೆರಳಿನಿಂದ ಹಿಡಿದು ಅಸ್ಸಾಂ, ಬರ್ಮಾ, ಜಾವಾದ ತೇವದ ಕಾಡುಗಳವರೆಗೆ ಅದರ ನೆಲೆ. ಯುನಾನಿಯಲ್ಲಿ ಅದು ಅಸ್ರೋಲ್. ಬಿಹಾರದ ಜನ ಅದನ್ನು ‘ಪಾಗಲ್ ಕಿ ದವಾ’ ಎಂದೇ ಕರೆದರು. ಹಾವು ಕಚ್ಚಿದವರಿಗೆ, ನಿದ್ದೆ ಬಾರದವರಿಗೆ, ಬುದ್ಧಿ ಕೆಟ್ಟು ಕೂಗಾಡುವವರಿಗೆ ಅದರ ಬೇರನ್ನು ಕೊಡುತ್ತಿದ್ದರು.

ದೆಹಲಿಯ ತಿಬ್ಬಿಯಾ ಕಾಲೇಜನ್ನು ಹಕೀಮರು ಕಟ್ಟಿದರು; 1921ರಲ್ಲಿ ಗಾಂಧೀಜಿ ಅದನ್ನು ಉದ್ಘಾಟಿಸಿದರು. ತಮ್ಮ ತಿಬ್ಬ್ ಬಗ್ಗೆ ಅಪಾರ ಅಭಿಮಾನವಿದ್ದ ಹಕೀಮರು ಅದನ್ನು ಪರೀಕ್ಷೆಗೆ ಒಡ್ಡಲು ಹೆದರಲಿಲ್ಲ. ಫ್ರಾಂಕ್‌ಫರ್ಟ್‌ನಲ್ಲಿ ರಸಾಯನಶಾಸ್ತ್ರ ಕಲಿತು 1927ರಲ್ಲಿ ಡಾಕ್ಟರೇಟ್ ಪಡೆದ ಸಲೀಮುಜ್ಜಮಾನ್ ಸಿದ್ದೀಖಿಯವರಿಗೆ ಅಲ್ಲಿ ಸಂಶೋಧನೆಯ ಹೊಣೆ ಬಂತು. ಅದೇ ವರ್ಷದ ಕೊನೆಗೆ ಹಕೀಮರು ತೀರಿಕೊಂಡರು. 1931ರಲ್ಲಿ ಸಿದ್ದೀಖಿ ಸರ್ಪಗಂಧಿಯ ಬೇರಿನಿಂದ ಬೇರ್ಪಡಿಸಿದ ಒಂದು ರಾಸಾಯನಿಕಕ್ಕೆ ‘ಅಜ್ಮಲೀನ್’ ಎಂದು ಹೆಸರಿಟ್ಟು ಹಿರಿಯರ ಋಣ ತೀರಿಸಿದರು. ಬ್ರುಗಾಡಾ ಎಂಬ ಹೃದಯದ ದೋಷ ಇಸಿಜಿಗೆ ಸಿಗದೆ ಅಡಗಿದ್ದರೆ, ಯೂರೋಪಿನ ಆಸ್ಪತ್ರೆಗಳಲ್ಲಿ ವೈದ್ಯರು ಇಂದಿಗೂ ಅಜ್ಮಲೀನ್ ಚುಚ್ಚಿ ಅದನ್ನು ಪತ್ತೆ ಮಾಡುತ್ತಾರೆ.

ಕಥೆ ಅಲ್ಲಿಗೆ ನಿಲ್ಲಲಿಲ್ಲ. 1931ರಲ್ಲೇ ಕಲ್ಕತ್ತಾದ ಸೇನ್ ಮತ್ತು ಬೋಸ್ ಎಂಬ ವೈದ್ಯರು ಈ ಬೇರು ರಕ್ತದೊತ್ತಡ ಇಳಿಸುತ್ತದೆಂದು ಬರೆದಿದ್ದರು. 1949ರಲ್ಲಿ ಮುಂಬಯಿಯ ರುಸ್ತುಂ ಜಾಲ್ ವಕೀಲ್ ರೋಗಿಗಳ ಮೇಲೆ ನಡೆಸಿದ ಪ್ರಯೋಗವನ್ನು ಬ್ರಿಟನ್ನಿನ ಹೃದ್ರೋಗ ಪತ್ರಿಕೆಯಲ್ಲಿ ಪ್ರಕಟಿಸಿದಾಗ ಜಗತ್ತು ಕಿವಿಗೊಟ್ಟಿತು. 1952ರಲ್ಲಿ ಸ್ವಿಟ್ಜರ್ಲೆಂಡಿನ ಸೀಬಾ ಕಂಪನಿಯವರು ಇದೇ ಬೇರಿನಿಂದ ರಿಸರ್ಪೀನ್ ತೆಗೆದರು. ರಕ್ತದೊತ್ತಡಕ್ಕೂ ಮಾನಸಿಕ ರೋಗಕ್ಕೂ ಅದು ಮದ್ದಾಯಿತು. ಆದರೆ ಅದನ್ನು ತೆಗೆದುಕೊಂಡ ಕೆಲವರು ಖಿನ್ನತೆಗೆ ಬಿದ್ದದ್ದೂ ಕಂಡುಬಂತು. ಮುಂದೆ ಬೇರೆ ಗುಳಿಗೆಗಳು ಅದರ ಜಾಗಕ್ಕೆ ಬಂದವು. ಗಿಡದ ಮದ್ದು, ಏನೂ ಆಗುವುದಿಲ್ಲ ಎನ್ನುವವರು ಇದನ್ನು ನೆನಪಿಡಬೇಕು. ಒಂದೇ ಬೇರು ಅಳತೆಯಲ್ಲಿದ್ದರೆ ಶಿಫಾ, ಅಳತೆ ತಪ್ಪಿದರೆ ಅಪಾಯ. ಆ ಅಳತೆಯನ್ನು ಹೇಳುವುದಕ್ಕೇ ಪ್ರಯೋಗಶಾಲೆ ಬೇಕು.

ಆದರೂ ನಮ್ಮನ್ನು ಕಾಡುವ ಪ್ರಶ್ನೆಯೊಂದಿದೆ. ಹಕೀಮರಿಗೆ ಹೆಸರು ಬಂತು, ವಿಜ್ಞಾನಿಗಳಿಗೆ ಕೀರ್ತಿ ಬಂತು, ಕಂಪನಿಗೆ ಹಣ ಬಂತು. ಈ ಕುಲದ ಗಿಡಗಳ ಶಾಸ್ತ್ರೀಯ ಹೆಸರು ಕೂಡ 16ನೆಯ ಶತಮಾನದ ಜರ್ಮನ್ ವೈದ್ಯ ರೌವೋಲ್ಫ್‌ನದು. ಮೊದಲು ಈ ಬೇರನ್ನು ಅಗೆದು ರುಚಿ ನೋಡಿದ ಕಾಡಿನ ಮನುಷ್ಯನಿಗೆ ಏನು ಬಂತು?

ಬೇರೆ ದಾರಿ ಇಲ್ಲದೆ ಇಲ್ಲ. 1987ರಲ್ಲಿ ಕೇರಳದ ಅಗಸ್ತ್ಯಮಲೆ ಕಾಡಿನಲ್ಲಿ ದಾರಿ ತೋರಿಸುತ್ತಿದ್ದ ಕಾಣಿ ಬುಡಕಟ್ಟಿನವರು ದಣಿದ ವಿಜ್ಞಾನಿಗಳಿಗೆ ಆರೋಗ್ಯಪಚ್ಚೆ ಎಂಬ ಗಿಡದ ಹಣ್ಣು ಕೊಟ್ಟರು. ಪಾಲೋಡಿನ ಸಸ್ಯೋದ್ಯಾನ ಸಂಸ್ಥೆ ಅದನ್ನು ಅಧ್ಯಯನ ಮಾಡಿ ‘ಜೀವನಿ’ ಎಂಬ ಔಷಧಿ ರೂಪಿಸಿತು. ಕಂಪನಿಯಿಂದ ಬಂದ ಪರವಾನಗಿ ಶುಲ್ಕ ಮತ್ತು ಗೌರವಧನದಲ್ಲಿ ಅರ್ಧವನ್ನು ಕಾಣಿಗಳಿಗೆಂದು ಗೊತ್ತುಮಾಡಿತು. ಅದಕ್ಕಾಗಿ 1997ರಲ್ಲಿ ಅವರದೇ ಟ್ರಸ್ಟ್ ನೋಂದಣಿಯಾಯಿತು.

ಸರ್ಪಗಂಧಿಯ ಪಾಡು ಹಾಗಲ್ಲ. ಅದರ ಬೇರೇ ಮದ್ದು; ಬೇರು ಕಿತ್ತರೆ ಗಿಡವೇ ಇಲ್ಲ. ಕಿತ್ತೂ ಕಿತ್ತೂ ಕಾಡಿನಲ್ಲಿ ಅದು ವಿರಳವಾಗಿದೆ. 1990ರಿಂದ ಅದರ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ನಿಯಂತ್ರಣವಿದೆ. ರೋಗ ಕೊಟ್ಟವನು ಮದ್ದನ್ನೂ ಇಟ್ಟಿದ್ದಾನೆಂದು ನಮ್ಮ ಹಿರಿಯರು ನಂಬಿದ್ದರು. ಹಾಗೆ ಇಟ್ಟಿದ್ದು ಅಮಾನತು. ಕಾಯುವ ಹೊಣೆ ನಮ್ಮದು. ಹಕೀಮರ ಅಂಗಡಿಯಲ್ಲಾಗಲಿ, ಔಷಧಿ ಅಂಗಡಿಯಲ್ಲಾಗಲಿ ಪೊಟ್ಟಣ ಕೈಗೆ ಬಂದಾಗ ನಾವು ಮೂರು ಪ್ರಶ್ನೆ ಕೇಳುವುದನ್ನು ರೂಢಿ ಮಾಡಿಕೊಳ್ಳಬೇಕು: ಇದರಲ್ಲಿ ಏನಿದೆ, ಎಷ್ಟಿದೆ, ಬೇರು ಬಂದದ್ದು ತೋಟದಿಂದಲೋ ಕಾಡಿನಿಂದಲೋ?