ಕೆಂಚನ ಎಡೆ

ಮೆಣಸಿನಕಾಯಿಯ ಚೀಲಗಳನ್ನು ಆಳೆತ್ತರಕ್ಕೆ ಒಟ್ಟಿದ್ದ ನಮ್ಮ ಗೋದಾಮಿನಲ್ಲಿ, ಮಾಘಮಾಸದ ಒಂದು ಸಂಜೆ, ಕೆಂಚನು ಹಾರಿದ ಹಾರಿಕೆ ತಪ್ಪಿತು. ನೆಲದಿಂದ ಮೂರನೆಯ ಸಾಲಿನ ಚೀಲಕ್ಕೂ ಅಲ್ಲಿಂದ ಕಿಟಕಿಯ ಕಟ್ಟೆಗೂ ನೆಗೆಯುವುದು ಆ ಬೆಕ್ಕಿಗೆ ಆರು ವರ್ಷಗಳ ನಿತ್ಯಾಭ್ಯಾಸ. ಆ ದಿನ ಅದರ ಮುಂಗಾಲುಗಳು ಚೀಲದ ಅಂಚನ್ನು ಮುಟ್ಟದೆ ನಡುವಿಗೆ ಬಡಿದು, ಗೋಣಿಯನ್ನು ಪರಚುತ್ತ ಕೆಳಕ್ಕೆ ಜಾರಿದವು. ಎದ್ದು ಮೈಕೊಡವಿ ನನ್ನತ್ತ ತಿರುಗಿದಾಗ, ನೇರವಾಗಿ ಬೀಳುತ್ತಿದ್ದ ವಿದ್ಯುದ್ದೀಪದ ಬೆಳಕಿನಲ್ಲಿಯೂ ಅದರ ಕಣ್ಣಿನ ಪಾಪೆಗಳು ಕಿರಿದಾಗಿ ಗೀಟಿನಂತಾಗದೆ, ಅಮಾವಾಸ್ಯೆಯ ರಾತ್ರಿಯಲ್ಲಿರುವಂತೆ ದುಂಡಗೆ ಅರಳಿಯೇ ಇದ್ದುದನ್ನು ಕಂಡು ನನ್ನ ಎದೆ ಝಲ್ಲೆಂದಿತು.

ನಮ್ಮದು ಲಿಂಗವಂತರ ಮನೆ. ಬ್ಯಾಡಗಿಯ ಪೇಟೆಯಲ್ಲಿ ಅಡತಿ ವ್ಯಾಪಾರವನ್ನು ಹಿರಿಯರ ಕಾಲದಿಂದಲೂ ನಡೆಸಿಕೊಂಡು ಬಂದ ಈ ಮನೆಯ ಹೊಸ್ತಿಲೊಳಗೆ ಮಾಂಸವೆಂಬುದು ಅದುವರೆಗೆ ಬಂದಿರಲಿಲ್ಲ. ಸೋಮವಾರ ಮತ್ತು ಗುರುವಾರಗಳಂದು ಪೇಟೆಗೆ ಹರಿದುಬರುವ ಕೆಂಪು ಸಾಗರದಲ್ಲಿ ಡಬ್ಬಿ ತಳಿಯೆಷ್ಟು ಕಡ್ಡಿ ತಳಿಯೆಷ್ಟು ಎಂಬ ಲೆಕ್ಕವೇ ನಮ್ಮ ಲೋಕ. ಇಂಥ ಮನೆಗೆ ತಾನಾಗಿ ಬಂದು ಸೇರಿದ ಕೆಂಚನಿಗೆ ನನ್ನ ಅವ್ವ ತನ್ನ ಪೂಜೆ ಪ್ರಸಾದಗಳು ಮುಗಿದ ಕೂಡಲೆ, ತಾನು ಉಣ್ಣುವುದಕ್ಕಿಂತ ಮೊದಲು, ಹಿತ್ತಲ ಕಲ್ಲಿನ ಮೇಲೆ ಹಾಲು-ಅನ್ನವನ್ನು ಕಲಸಿ ಇಡುತ್ತಿದ್ದಳು. ಸಂಜೆಗೆ ಹಾಲಿನಲ್ಲಿ ನೆನೆಸಿದ ಜೋಳದ ರೊಟ್ಟಿ. ಅದಕ್ಕೆ ಅವಳು ಊಟವೆನ್ನುತ್ತಿರಲಿಲ್ಲ, ಎಡೆ ಎನ್ನುತ್ತಿದ್ದಳು. ಮೊದಲ ವರ್ಷಗಳಲ್ಲಿ ಕೆಂಚನು ಗೋದಾಮಿನ ಇಲಿಗಳನ್ನು ಹಿಡಿದು ತಿನ್ನುತ್ತಲೂ ಇದ್ದನು. ಆದರೆ ಸುತ್ತಿನವರು ಇಲಿಪಾಷಾಣ ಇಡಲಾರಂಭಿಸಿ, ಪಾಷಾಣ ತಿಂದ ಇಲಿಯನ್ನು ತಿಂದು ನಮ್ಮ ಓಣಿಯ ಎರಡು ಬೆಕ್ಕುಗಳು ನರಳಿ ಸತ್ತುದನ್ನು ಕಂಡ ಬಳಿಕ, ರಾತ್ರಿಯಾದೊಡನೆ ಅವನನ್ನು ಪಡಸಾಲೆಯಲ್ಲಿ ಕೂಡಿಹಾಕುವ ಪದ್ಧತಿಯನ್ನು ನಾನೇ ತಂದೆನು. ಅವನ ಪ್ರಾಣವನ್ನು ಕಾಯುವುದಕ್ಕಾಗಿ ಹಾಕಿದ ಆ ಅಗುಳಿಯೇ ಅವನ ದೇಹಕ್ಕೆ ದೊರೆಯುತ್ತಿದ್ದ ಏಕೈಕ ಸಹಜ ಆಹಾರಕ್ಕೂ ಅಡ್ಡಲಾಯಿತೆಂಬುದು ನನಗೆ ಆಗ ಹೊಳೆಯಲಿಲ್ಲ.

ಹಾರಿಕೆ ತಪ್ಪಿದ ಮರುದಿನವೇ ಕೆಂಚನನ್ನು ಬುಟ್ಟಿಯೊಳಗಿಟ್ಟುಕೊಂಡು ಹಾವೇರಿಗೆ ಹೋದೆನು. ಅಲ್ಲಿಯ ಪಶುವೈದ್ಯರು ತರುಣರು. ಕಣ್ಣಿಗೆ ಬೆಳಕು ಬಿಟ್ಟು ಒಳಭಾಗವನ್ನು ಬಹಳ ಹೊತ್ತು ಪರೀಕ್ಷಿಸಿ, ಎದೆಯ ಬಡಿತವನ್ನೂ ಆಲಿಸಿ, "ಇದಕ್ಕ ಏನ್ ಹಾಕ್ತೀರಿ, ಸಾವ್ಕಾರ್ರ?" ಎಂದು ಕೇಳಿದರು. ಹೇಳಿದೆನು. ಅವರು ಒಂದು ಕ್ಷಣ ಸುಮ್ಮನಿದ್ದು, "ಪ್ರೀತಿಯಿಂದ ಹಾಕೀರಿ. ಆದ್ರ ಅದರ ಮೈಗೆ ಅದು ಸಾಲೂದಿಲ್ರಿ" ಎಂದರು. ಗದರಿಕೆಯ ಮಾತಾಗಿದ್ದರೆ ಇಷ್ಟು ನೋಯುತ್ತಿರಲಿಲ್ಲ.

ಅವರು ವಿವರಿಸಿದುದನ್ನೂ, ಆಮೇಲೆ ನಾನು ಓದಿ ತಿಳಿದುದನ್ನೂ ಕೂಡಿಸಿ ಹೇಳುವುದಾದರೆ ಸಂಗತಿ ಹೀಗಿದೆ. ಟೌರೀನ್ ಎಂಬ ಒಂದು ದ್ರವ್ಯವು ಕಣ್ಣಿನ ಅಕ್ಷಿಪಟಕ್ಕೂ ಹೃದಯದ ಸ್ನಾಯುವಿಗೂ ಅತ್ಯವಶ್ಯಕವಾದುದು. ನಾಯಿಯ ದೇಹವೂ ಮನುಷ್ಯನ ದೇಹವೂ ಅದನ್ನು ತಕ್ಕಮಟ್ಟಿಗೆ ತಾವೇ ಸೃಷ್ಟಿಸಿಕೊಳ್ಳಬಲ್ಲವು. ಬೆಕ್ಕಿಗೆ ಆ ಶಕ್ತಿ ಸಾಲದು. ಅಕ್ಕಿಯಲ್ಲಿಯೂ ಜೋಳದಲ್ಲಿಯೂ ಅದು ಇಲ್ಲ. ಹಸುವಿನ ಹಾಲಿನಲ್ಲಿ ಇರುವುದು ಅತ್ಯಲ್ಪ. ಟೌರೀನಿನ ಅಭಾವದಿಂದ ಬೆಕ್ಕಿನ ಅಕ್ಷಿಪಟವು ಕ್ಷಯಿಸುವುದೆಂದು 1975ರಲ್ಲಿ ಅಮೆರಿಕೆಯ ಸಂಶೋಧಕರು ತೋರಿಸಿದರು. ಅದೇ ಅಭಾವದಿಂದ ಹೃದಯವು ಹಿಗ್ಗಿ ದುರ್ಬಲವಾಗುವುದೆಂಬುದು 1987ರಲ್ಲಿ ಗೊತ್ತಾಯಿತು. ಗಜ್ಜರಿಯಲ್ಲಿರುವ ಬಣ್ಣದ ಅಂಶದಿಂದ ನಾವು ಎ ಜೀವಸತ್ವವನ್ನು ಮಾಡಿಕೊಳ್ಳುವಂತೆ ಬೆಕ್ಕು ಮಾಡಿಕೊಳ್ಳಲಾರದು; ಅದಕ್ಕೆ ಆ ಜೀವಸತ್ವವು ಸಿದ್ಧರೂಪದಲ್ಲಿಯೇ, ಮತ್ತೊಂದು ಪ್ರಾಣಿಯ ಯಕೃತ್ತಿನಂಥ ಆಹಾರದಿಂದ, ಬರಬೇಕು. ಸಿಹಿಯನ್ನು ಅರಿಯುವ ಶಕ್ತಿಯೂ ಅದರ ನಾಲಗೆಗೆ ಇಲ್ಲವೆಂದು 2005ರಲ್ಲಿ ನಿಶ್ಚಯವಾಯಿತು. ಯುಗಾದಿಯ ಹೋಳಿಗೆಯ ಚೂರನ್ನು ಅವ್ವ ಪ್ರತಿವರ್ಷವೂ ಕೆಂಚನ ಮುಂದೆ ಇಡುತ್ತಿದ್ದಳು. ಅವನು ತುಪ್ಪವನ್ನಷ್ಟೆ ನೆಕ್ಕಿ ಹೂರಣವನ್ನು ಬಿಡುತ್ತಿದ್ದುದೇಕೆಂದು ನನಗೆ ಆಗ ಅರ್ಥವಾಯಿತು.

ಬೆಕ್ಕು ಮನುಷ್ಯನ ಮನೆಗೆ ಬಂದುದೇ ಧಾನ್ಯದ ದೆಸೆಯಿಂದ ಎಂದು ಬಲ್ಲವರು ಹೇಳುವರು. ಪಶ್ಚಿಮ ಏಷ್ಯದಲ್ಲಿ ಜನ ಮೊದಲು ಬೇಸಾಯ ಮಾಡಿ ಕಾಳನ್ನು ಕೂಡಿಟ್ಟಾಗ ಇಲಿಗಳು ಬಂದವು, ಇಲಿಗಳನ್ನರಸಿ ಬೆಕ್ಕುಗಳು ಬಂದವು; ಸೈಪ್ರಸ್ ದ್ವೀಪದಲ್ಲಿ ಸುಮಾರು 9,500 ವರ್ಷಗಳ ಹಿಂದೆ ಮನುಷ್ಯನೊಬ್ಬನ ಮಗ್ಗುಲಿನಲ್ಲಿಯೇ ಒಂದು ಬೆಕ್ಕನ್ನು ಹೂಳಿದ್ದುದು ದೊರೆತಿದೆ. ಅಷ್ಟು ದೀರ್ಘಕಾಲ ಕಣಜದ ನೆರಳಿನಲ್ಲಿ ಬಾಳಿದ ಜೀವವು ಕಣಜದೊಳಗಿನ ಕಾಳನ್ನು ತನ್ನ ಅನ್ನವಾಗಿ ಮಾಡಿಕೊಳ್ಳಲಿಲ್ಲ. ನಮ್ಮ ತಾಲ್ಲೂಕಿನ ಕಾಗಿನೆಲೆಯ ಕನಕದಾಸರು ‘ರಾಮಧಾನ್ಯ ಚರಿತೆ’ಯಲ್ಲಿ ರಾಗಿಗೂ ಭತ್ತಕ್ಕೂ ವ್ಯಾಜ್ಯ ಹೂಡಿಸಿ, ಆರು ತಿಂಗಳು ಸೆರೆಯಲ್ಲಿರಿಸಿ, ಕೆಡದೆ ಉಳಿದ ರಾಗಿಗೆ ಗೆಲುವು ಕೊಡಿಸಿದರಷ್ಟೆ. ಧಾನ್ಯಗಳಲ್ಲಿ ಯಾವುದು ಮೇಲೆಂದು ವಿಚಾರಿಸುವ ಆ ಸಭೆಯು ನಮ್ಮಂಥವರ ಸಭೆ. ಆ ವ್ಯಾಜ್ಯದಲ್ಲಿ ಯಾರು ಗೆದ್ದರೂ ಕೆಂಚನ ಎಡೆ ಬರಿದಾಗಿಯೇ ಇರುತ್ತಿತ್ತು.

ವೈದ್ಯರು ಪೊಟ್ಟಣದ ಬೆಕ್ಕಿನಾಹಾರವನ್ನೂ ಸೂಚಿಸಿದರು, ಅದರಲ್ಲಿ ಟೌರೀನನ್ನು ಬೆರೆಸಿರುತ್ತಾರೆ. ಒಂದು ಪೊಟ್ಟಣ ತಂದೆನು. ಕೆಂಚನು ಮೂಸಿಯೂ ನೋಡಲಿಲ್ಲ. ಉಳಿದುದು ಮಾಂಸ. ಬೇಯಿಸಿದರೆ ಟೌರೀನು ನೀರಿಗೆ ಇಳಿದುಹೋಗುವುದಾದುದರಿಂದ ಆ ನೀರನ್ನೂ ಕುಡಿಸಬೇಕು. ಬೆಂದ ಎಲುಬು ಸೀಳಿ ಮೊನೆಯಾಗಿ ಕರುಳನ್ನು ಇರಿಯುವುದಾದುದರಿಂದ ಅದನ್ನು ಕೊಡಕೂಡದು. ಹಸಿಯದಾದರೆ ಕೋಳಿಯ ಕುತ್ತಿಗೆಯ ಮೆತ್ತನೆಯ ಎಲುಬನ್ನು ಬೆಕ್ಕು ಅಗಿದು ಜೀರ್ಣಿಸಬಲ್ಲುದು. ಬರಿಯ ಮಾಂಸಖಂಡವೊಂದೇ ಸಾಲದು, ಅದರಲ್ಲಿ ಸುಣ್ಣದ ಅಂಶ ತೀರ ಕಡಮೆ. ಎಲುಬು ಬೇಕು, ಗುಂಡಿಗೆ ಬೇಕು, ಕಲೇಜಿ ಬೇಕು, ಆದರೆ ಕಲೇಜಿ ಹೆಚ್ಚಾದರೆ ಅದೇ ವಿಷ. ಇದನ್ನೆಲ್ಲ ಕೇಳುತ್ತಿದ್ದಾಗ ನನಗೆ ತಿಳಿದುದೇನೆಂದರೆ, ಇಷ್ಟು ತೂಕ ಅಳತೆಗಳಿಂದ ನಾವು ಕೂಡಿಸಹೊರಟಿದ್ದುದು ಒಂದು ಇಲಿಯನ್ನು.

ಯೂರೋಪಿನಲ್ಲಿಯೂ ಅಮೆರಿಕೆಯಲ್ಲಿಯೂ ಬೆಕ್ಕಿನಂತೆಯೇ ಮಾಂಸಾಹಾರಿಯಾದ ಫೆರೆಟ್ ಎಂಬ ನೀಳದೇಹದ ಪ್ರಾಣಿಯನ್ನು, ಅದು ನಮ್ಮ ತುಂಗಭದ್ರೆಯ ನೀರುನಾಯಿಯ ಕುಲಕ್ಕೆ ಸೇರಿದುದು, ಮನೆಗಳಲ್ಲಿ ಸಾಕುತ್ತಾರೆ. ಬಿಲದಿಂದ ಮೊಲಗಳನ್ನು ಹೊರಡಿಸುವುದಕ್ಕಾಗಿ ಎರಡು ಸಾವಿರ ವರ್ಷಗಳಿಂದ ಅದನ್ನು ಪಳಗಿಸಿ ಇಟ್ಟುಕೊಂಡವರು ಯೂರೋಪಿನವರು. ಅದರ ಕರುಳು ಎಷ್ಟು ಮೊಟಕೆಂದರೆ ತಿಂದುದು ಮೂರು ನಾಲ್ಕು ಗಂಟೆಗಳಲ್ಲಿ ಹೊರಬೀಳುತ್ತದೆ. ಧಾನ್ಯದ ಹಿಟ್ಟು ಅದರ ಪಾಲಿಗೆ ಬಹುಮಟ್ಟಿಗೆ ವ್ಯರ್ಥ. ಒಣ ಕಾಳಿನಂಥ ಸಿದ್ಧಾಹಾರದಲ್ಲಿ ಬೆಳೆದ ಫೆರೆಟ್‌ಗಳನ್ನು ಹಸಿಮಾಂಸಕ್ಕೆ ತಿರುಗಿಸಲು ಹೊರಟ ಅಲ್ಲಿಯವರಿಗೆ ಎದುರಾಗುವ ಕಷ್ಟವು ನನಗೆ ಎದುರಾದುದೇ: ಬಹುಕಾಲ ಬಾಯಿಗೆ ಬಿದ್ದುದನ್ನೇ ಆ ಜೀವವು ಆಹಾರವೆಂದು ನಂಬಿ, ತನ್ನ ಕುಲದ ಆಹಾರವನ್ನು ಗುರುತಿಸದೆ ಹೋಗುತ್ತದೆ.

ಮೊದಲ ಮಾಂಸವನ್ನು ತಂದುದು ರಾಣೆಬೆನ್ನೂರಿನಿಂದ. ವ್ಯಾಪಾರದ ಕೆಲಸವಿತ್ತೆಂಬುದು ನಿಜ. ನಮ್ಮ ಊರಿನಲ್ಲಿ ಕೋಳಿಯಂಗಡಿಯ ಮೆಟ್ಟಿಲೇರಲು ಮನಸ್ಸು ಹಿಂಜರಿಯಿತೆಂಬುದೂ ನಿಜ. ಐವತ್ತೆಂಟು ವರ್ಷಗಳ ಬಾಳಿನಲ್ಲಿ ಅಂಥ ಅಂಗಡಿಯ ಮುಂದೆ ನಿಂತುದು ಅದೇ ಮೊದಲು. ಕೊರಳಿನ ಲಿಂಗವನ್ನೂ ಹಣೆಯ ವಿಭೂತಿಯನ್ನೂ ನೋಡಿದ ಅಂಗಡಿಯವನು ದಾರಿ ತಪ್ಪಿ ಬಂದವನೆಂದೇ ಬಗೆದು, "ಯಾರ ಮನೀ ಬೇಕಾಗಿತ್ರಿ, ಯಜಮಾನ್ರ?" ಎಂದು ಕೇಳಿದನು. ಬೆಕ್ಕಿನ ಕಥೆಯನ್ನು ಹೇಳಿದೆನು. ಅವನು ನಗಲಿಲ್ಲ. ಕೈ ತೊಳೆದು, ಆಗತಾನೆ ಕೊಯ್ದಿದ್ದ ಹಕ್ಕಿಯ ಗುಂಡಿಗೆಯನ್ನೂ ಕುತ್ತಿಗೆಯನ್ನೂ ಬೇರೆ ತೆಗೆದು, ಹೆಬ್ಬೆರಳಿನಷ್ಟು ಕಲೇಜಿಯನ್ನು ಸೇರಿಸಿ, ಹಳೆಯ ಪತ್ರಿಕೆಯಲ್ಲಿ ಎರಡು ಸುತ್ತು ಸುತ್ತಿ ಕೊಟ್ಟು, ದುಡ್ಡನ್ನು ಮುಟ್ಟಲು ಒಪ್ಪಲಿಲ್ಲ. ಕಣ್ಣಿಗಾಗಿ ಒಯ್ಯುವ ಔಷಧಕ್ಕೆ ಮೊದಲ ದಿನ ಬೆಲೆ ಬೇಡವೆಂದನು. ಆ ಪೊಟ್ಟಣದ ಬೆಚ್ಚನೆಯ ಭಾರವು ರೈಲಿನಲ್ಲಿ ಬ್ಯಾಡಗಿ ನಿಲ್ದಾಣದವರೆಗೂ ನನ್ನ ತೊಡೆಯ ಮೇಲಿತ್ತು. ಅದು ಇನ್ನೊಂದು ಪ್ರಾಣ. ಅದನ್ನು ಮರೆಯುವ ಯತ್ನವನ್ನು ನಾನು ಮಾಡಲಿಲ್ಲ, ಇಂದಿಗೂ ಮಾಡುವುದಿಲ್ಲ.

ದಾರಿಯಲ್ಲಿ ನೆನಪಾದುದು ಒಂದು ಹಳೆಯ ಬೆಳಗು. ರಾಣೆಬೆನ್ನೂರಿನ ಬಳಿ, 1974ರಲ್ಲಿ ಕೃಷ್ಣಮೃಗಗಳಿಗಾಗಿ ಅಭಯಾರಣ್ಯವೆಂದು ಘೋಷಿತವಾದ ಆ ಕುರುಚಲು ಬಯಲಿನ ಅಂಚಿನಲ್ಲಿ, ಬಾಲ್ಯದಲ್ಲಿ ಅಪ್ಪನ ಸಂಗಡ ಹೋಗುತ್ತಿದ್ದಾಗ ಹಟ್ಟಿಯ ಹೊರಗೆ ತೋಳವು ಮುರಿದ ಕುರಿಯೊಂದು ಬಿದ್ದಿದ್ದಿತು. ಹೊಟ್ಟೆಯನ್ನು ಮೊದಲು ಬಗೆದು, ಗುಂಡಿಗೆ ಯಕೃತ್ತುಗಳನ್ನು ತಿಂದು, ಮಾಂಸದ ತೊಡೆಯನ್ನು ಹಾಗೆಯೇ ಬಿಟ್ಟಿತ್ತು. ಕುರಿಯನ್ನು ಕಳೆದುಕೊಂಡ ಕುರಿಗಾಹಿಯು ತಲೆಯ ಮೇಲೆ ಕಂಬಳಿ ಹೊದ್ದು ಕುಳಿತಿದ್ದನು. ಅಪ್ಪ ತೋಳವನ್ನು ಬೈದಾಗ ಆ ಮುದುಕ, "ತ್ವಾಳಕ್ಕ ಯಾರು ರೊಟ್ಟಿ ಹಾಕ್ತಾರ್ರಿ, ಗೌಡ್ರ?" ಎಂದು ಮೆಲ್ಲಗೆ ಹೇಳಿದನು. ನಷ್ಟವು ಅವನದು, ಮಾತೂ ಅವನದು.

ಮನೆಗೆ ಬಂದು ಇಟ್ಟ ಮೊದಲ ತುಣುಕನ್ನು ಕೆಂಚನು ಮೂಸಿ, ಹಿಂದೆ ಸರಿದು, ಮಲವನ್ನು ಮುಚ್ಚುವಂತೆ ಅದರ ಸುತ್ತ ಬಲಗಾಲಿನಿಂದ ನೆಲವನ್ನು ಕೆರೆದನು. ಹಸಿದರೆ ತಾನೇ ತಿಂದೀತೆಂದು ಉಪವಾಸ ಕೆಡಹುವುದು ಬೆಕ್ಕಿನ ವಿಷಯದಲ್ಲಿ ಸಲ್ಲದು. ಎರಡು ಮೂರು ದಿನ ತಿನ್ನದಿದ್ದರೆ ಯಕೃತ್ತಿನಲ್ಲಿ ಕೊಬ್ಬು ತುಂಬಿ ಪ್ರಾಣಕ್ಕೇ ಕುತ್ತಾಗುವುದೆಂದು ವೈದ್ಯರು ಎಚ್ಚರಿಸಿದ್ದರು. ಆದುದರಿಂದ ಅವನ ಹಾಲು-ಅನ್ನದಲ್ಲಿಯೇ, ಅಕ್ಕಿಕಾಳಿಗಿಂತ ದೊಡ್ಡದಾಗದಂತೆ ಕೊಚ್ಚಿದ ಗುಂಡಿಗೆಯನ್ನು ಒಂದು ಚಿಟಿಕೆ ಬೆರೆಸಿದೆನು. ಅನ್ನವನ್ನು ತಿಂದು, ಆ ಚೂರುಗಳನ್ನು ಒಂದೊಂದಾಗಿ ತಟ್ಟೆಯ ಅಂಚಿಗೆ ನಾಲಗೆಯಿಂದ ದೂಡಿ ಬಿಟ್ಟನು. ತಣ್ಣಗಿನ ಮಾಂಸಕ್ಕೆ ವಾಸನೆಯಿಲ್ಲವೆಂದು ತಿಳಿದು, ಬಟ್ಟಲನ್ನು ಬಿಸಿನೀರಿನ ಪಾತ್ರೆಯಲ್ಲಿಟ್ಟು ಮೈಬಿಸಿಗೆ ತಂದು ಕೊಟ್ಟೆನು. ಹನ್ನೊಂದನೆಯ ದಿನ ಚೂರುಗಳು ಅಂಚಿನಲ್ಲಿ ಉಳಿಯಲಿಲ್ಲ. ಅಲ್ಲಿಂದ ದಿನದಿನಕ್ಕೆ ಅನ್ನ ತಗ್ಗಿತು, ಮಾಂಸ ಏರಿತು. 4 ಕಿಲೋ ತೂಗುವ ಅವನಿಗೆ ದಿನಕ್ಕೆ 150 ಗ್ರಾಂ ಮುಟ್ಟಿದಾಗ ಆರು ವಾರಗಳು ಕಳೆದಿದ್ದವು. ಮೊದಲ ಬಾರಿಗೆ ಇಡಿಯ ಕುತ್ತಿಗೆಯನ್ನು ಕೊಟ್ಟ ದಿನ ನಾನು ಹತ್ತಿರದಲ್ಲಿಯೇ ಕುಕ್ಕರಗಾಲಿನಲ್ಲಿ ಕುಳಿತಿದ್ದೆನು. ಅವನು ತಲೆಯನ್ನು ಓರೆಮಾಡಿ, ದವಡೆಯ ಪಕ್ಕದ ಹಲ್ಲುಗಳ ನಡುವೆ ಅದನ್ನು ಸಿಕ್ಕಿಸಿಕೊಂಡು, ಕಣ್ಣು ಮುಚ್ಚಿ, ಕಟಕಟನೆ ಅಗಿದನು. ಕತ್ತರಿಯಂತೆ ಸರಿದಾಡುವ ಆ ಹಲ್ಲುಗಳು ಅರೆಯುವುದಕ್ಕಾಗಿ ಮಾಡಿದುವಲ್ಲವೆಂಬುದು ಯಾರಿಗೂ ಕಾಣುವಂತಿದ್ದಿತು. ಆರು ವರ್ಷ ಆ ಬಾಯಿಗೆ ನಾವು ಕೊಟ್ಟುದು ಅಗಿಯುವುದಕ್ಕೇನೂ ಇಲ್ಲದ ಮೆತ್ತನೆಯ ಮುದ್ದೆ.

ಮಾಂಸವನ್ನು ಇಡುವುದೆಲ್ಲಿ ಎಂಬುದು ಮನೆಯೊಳಗಿನ ದೊಡ್ಡ ಪ್ರಶ್ನೆಯಾಯಿತು. ಮೆಣಸಿನಕಾಯಿಯ ಬಣ್ಣ ಕೆಡದಿರಲೆಂದು ಸಾಲುಸಾಲಾಗಿ ಶೀತಲಗೃಹಗಳನ್ನು ಕಟ್ಟಿರುವ ಊರಿನಲ್ಲಿ ಒಂದು ಪಾವು ಮಾಂಸವನ್ನು ತಣ್ಣಗಿಡಲು ನನಗೆ ಸ್ಥಳವಿರಲಿಲ್ಲ. ಅಡುಗೆಮನೆಯ ಫ್ರಿಜ್ಜು ಅವ್ವನ ಮಡಿಗೆ ಸೇರಿದುದು. ಗೋದಾಮಿನ ಮೂಲೆಯಲ್ಲಿ ಒಂದು ಪುಟ್ಟ ಫ್ರೀಜರನ್ನು ಬೇರೆ ಇರಿಸಿದೆನು. ಸೊಸೆಯು ಬಸಿರಿಯಾದುದರಿಂದ ಆ ತಟ್ಟೆ, ಚಾಕು, ಬೆಕ್ಕಿನ ಮಲದ ಮರಳು ಯಾವುದನ್ನೂ ಅವಳು ಮುಟ್ಟದಂತೆ ವ್ಯವಸ್ಥೆಯಾಯಿತು. ಹಸಿಮಾಂಸದಲ್ಲಿ ಕಣ್ಣಿಗೆ ಕಾಣದ ರೋಗಬೀಜಗಳಿರುವುದುಂಟು. ಕೆಲವು ದಿನ ಹೆಪ್ಪುಗಟ್ಟಿಸಿಟ್ಟರೆ ಕೆಲವು ಸಾಯುತ್ತವೆ, ಎಲ್ಲವೂ ಸಾಯುವುದಿಲ್ಲ. ಆದಕಾರಣ ಕೊಚ್ಚುವುದೂ ಸೋಪು ಹಾಕಿ ತೊಳೆಯುವುದೂ ಪೂರ್ತಿಯಾಗಿ ನನ್ನ ಕೈಯ ಕೆಲಸವಾಯಿತು.

ಅವ್ವ ಒಂದು ತಿಂಗಳು ನನ್ನೊಡನೆ ಸರಿಯಾಗಿ ಮಾತನಾಡಲಿಲ್ಲ. ಹಿತ್ತಲ ಕಲ್ಲಿನ ಮೇಲೆ ಅವಳು ಇಡುತ್ತಿದ್ದ ಎಡೆ ನಿಂತುಹೋಯಿತು. ಪೂಜೆ ಮುಗಿಸಿ ಎದ್ದವಳು ಅಭ್ಯಾಸಬಲದಿಂದ ಹಾಲಿನ ಬಟ್ಟಲನ್ನು ಎತ್ತಿಕೊಂಡು, ಹಿತ್ತಲ ಬಾಗಿಲವರೆಗೆ ಬಂದು, ಅಲ್ಲಿಯೇ ನಿಂತು ಹಿಂದಿರುಗುತ್ತಿದ್ದುದನ್ನು ನಾನು ಎಷ್ಟೋ ಸಲ ಕಂಡೆನು. ಎಂಬತ್ತನಾಲ್ಕು ವರ್ಷದ ಆ ಕೈಗಳಿಂದ ನಾನು ಕಸಿದುಕೊಂಡುದು ಏನೆಂಬುದನ್ನು ಬಲ್ಲೆನಾದುದರಿಂದ ವಾದಕ್ಕೆ ಹೋಗಲಿಲ್ಲ. ತನ್ನ ಹಾಲಿನಿಂದಲೇ ಬೆಕ್ಕಿನ ಕಣ್ಣು ಹೋಯಿತೆಂಬ ಮಾತು ಅವಳ ಕಿವಿಗೆ ಬೀಳಕೂಡದೆಂದು ಮನೆಯಲ್ಲಿ ಎಲ್ಲರಿಗೂ ಹೇಳಿದ್ದೆನು. ಆದರೂ ಹೇಗೋ ತಿಳಿದಿತ್ತು.

ಮಳೆಗಾಲ ಹಿಡಿಯುವ ಹೊತ್ತಿಗೆ ಕೆಂಚನ ಕೂದಲು ಮಿಂಚತೊಡಗಿತು, ಬೆನ್ನು ತುಂಬಿತು. ಎದೆಯ ಬಡಿತ ಚೆನ್ನಾಗಿದೆಯೆಂದು ವೈದ್ಯರೆಂದರು. ಕಣ್ಣು ಮಾತ್ರ ಹೋದಷ್ಟು ಹೋಯಿತು. ಕ್ಷಯಿಸಿದ ಅಕ್ಷಿಪಟ ಮತ್ತೆ ಚಿಗುರುವುದಿಲ್ಲ. ಉಳಿದ ದೃಷ್ಟಿ ಇನ್ನು ಕುಂದದೆ ನಿಂತಿದೆ. ಬೆಳಕಿದ್ದರೆ ಓಡಾಡುವನು, ಮಬ್ಬಾದರೆ ಗೋಡೆಗೆ ಮೀಸೆ ತಾಗಿಸುತ್ತ ನಡೆಯುವನು. ಚೀಲದ ಮೇಲಕ್ಕೆ ಹಾರುವುದನ್ನು ಬಿಟ್ಟನು. ನಾನು ಚೀಲಗಳನ್ನು ಮೆಟ್ಟಿಲಿನಂತೆ ಒಟ್ಟಿಸಿದೆನು, ಹತ್ತಿ ಹೋಗುವನು. ಈಗ ಮಾಂಸವನ್ನು ನಮ್ಮ ಊರಿನ ಅಂಗಡಿಯಿಂದಲೇ ತರುತ್ತೇನೆ.

ಶ್ರಾವಣದ ಒಂದು ರಾತ್ರಿ, ಅಂಗಡಿಯ ಲೆಕ್ಕ ಮುಗಿಸಿ ತಡವಾಗಿ ಒಳಗೆ ಬಂದು, ಎಲ್ಲರೂ ಮಲಗಿದರೆಂದು ಪಡಸಾಲೆಯ ದೀಪವನ್ನು ಆರಿಸಲು ಕೈ ಎತ್ತಿದೆನು. ಕತ್ತಲೆಯ ಕೋಣೆಯೊಳಗಿನಿಂದ ಅವ್ವನ ದನಿ ಬಂದಿತು: "ಇರಲಿ ಬಿಡೋ, ಆರಸಬ್ಯಾಡ. ಅದು ಇನ್ನೂ ಒಳಗ ಬಂದಿಲ್ಲ." ಸ್ವಲ್ಪ ಹೊತ್ತು ಬಿಟ್ಟು, "ಇವತ್ತ ಅದಕ್ಕ ಹಾಕಿದ್ಯೇನು?" ಎಂದಳು. ಹಾಕಿದೆನೆಂದೆನು. ಬಾಗಿಲ ಬಳಿ ಅವಳ ಚಾಪೆಯ ತುದಿಯಲ್ಲಿ, ಮಡಚಿದ ಹಳೆಯ ಇಳಕಲ್ ಸೀರೆಯೊಂದನ್ನು ಬೆಕ್ಕಿಗೆಂದು ಹಾಸಿ ಇಟ್ಟಿದ್ದಳು. ದೀಪವನ್ನು ಹಾಗೆಯೇ ಬಿಟ್ಟು ನಾನು ಮಲಗಲು ಹೋದೆನು.