ಬೆಂಕಿ ಆರಿದ ಮೇಲೆ



ಕಳೆದ ಏಪ್ರಿಲ್ 14ರಂದು ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ಆಹ್ವಾನದ ಮೇರೆಗೆ ಅಗ್ನಿಶಾಮಕ ಠಾಣೆಗೆ ಹೋಗಿದ್ದೆ. 1944ರಲ್ಲಿ ಅದೇ ದಿನ ಮುಂಬಯಿಯ ವಿಕ್ಟೋರಿಯಾ ಡಾಕ್‌ನಲ್ಲಿ, ಹತ್ತಿಯನ್ನೂ ಸ್ಫೋಟಕಗಳನ್ನೂ ಹೊತ್ತು ನಿಂತಿದ್ದ ಫೋರ್ಟ್ ಸ್ಟಿಕೀನ್ ಎಂಬ ಹಡಗು ಸಿಡಿದು, ಬೆಂಕಿ ನಂದಿಸಲು ಹೋಗಿದ್ದ 66 ಮಂದಿ ಅಗ್ನಿಶಾಮಕ ಸಿಬ್ಬಂದಿ ಮಡಿದರು. ಅವರ ಸ್ಮರಣೆಗಾಗಿ ದೇಶದಾದ್ಯಂತ ಒಂದು ವಾರ ಅಗ್ನಿಶಾಮಕ ಸೇವಾ ಸಪ್ತಾಹ ನಡೆಯುತ್ತದೆ. ಮೌನಾಚರಣೆಯಲ್ಲಿ ಕಣ್ಮುಚ್ಚಿ ನಿಂತಾಗ ನನ್ನ ಮನಸ್ಸಿಗೆ ಬಂದವರು ಆ ಹುತಾತ್ಮರಲ್ಲ. ಪಕ್ಕದಲ್ಲಿ ನಿಂತಿದ್ದ ಈ ಹುಡುಗನಿಗೆ ಹಿಂದೊಮ್ಮೆ ನಾನು ಆಡಿದ್ದ ಮಾತು ಬಂದು ಚುಚ್ಚಿತು.

ಹುಡುಗನೆಂದರೆ ಈಗ ಅವನಿಗೆ ನಲವತ್ತು ದಾಟಿದೆ. ಅವನ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ಹೆಸರು, ಊರು ಬರೆಯಲಾರೆ. ನಿಮ್ಮಲ್ಲಿ ಅವನ ಸಹಪಾಠಿಗಳಿದ್ದು ಗುರುತು ಹಿಡಿದರೆ ದಯಮಾಡಿ ಸುಮ್ಮನಿದ್ದುಬಿಡಿ.

2012ರ ಬೇಸಿಗೆಯಲ್ಲಿ ಒಂದು ಮನೆಯ ಅಡುಗೆ ಅನಿಲ ಸೋರಿ ಬೆಂಕಿ ಹೊತ್ತಿಕೊಂಡಿತ್ತು. ಒಳಗಿನಿಂದ ಒಂದು ಮಗುವನ್ನು ಎತ್ತಿಕೊಂಡು ಹೊರಬಂದವನು ಇವನು. ಮಗು ಉಳಿಯಲಿಲ್ಲ. ಮರುವರ್ಷ ಒಂದು ಭಾನುವಾರ ನಮ್ಮ ಮನೆಗೆ ಬಂದ. ಊಟ ಮಾಡಿಕೊಂಡೇ ಹೋಗಬೇಕೆಂದು ನನ್ನ ಶ್ರೀಮತಿ ಹಟ ಹಿಡಿದು, ಗೊಜ್ಜಿಗೆಂದು ಬದನೆಕಾಯಿಯನ್ನು ಒಲೆಯ ಉರಿಯ ಮೇಲೆ ಸುಡಲಿಟ್ಟಳು. ಸಿಪ್ಪೆ ಸುಟ್ಟ ವಾಸನೆ ಹಜಾರಕ್ಕೆ ಬಂದೊಡನೆ ಅವನು ಮಾತಿನ ನಡುವೆಯೇ ಎದ್ದು ಬೀದಿಗೆ ನಡೆದ. ಹುಡುಕಿಕೊಂಡು ಹೋದರೆ ಗೇಟಿನಾಚೆ ಗೋಡೆಗೆ ಒರಗಿ ಕುಳಿತಿದ್ದ, ಅಂಗಿಯೆಲ್ಲ ಬೆವರು. "ಸಾರ್, ರಾತ್ರಿ ನಿದ್ದೆ ಬರುವುದಿಲ್ಲ. ತೋಳಿನ ಮೇಲೆ ಆ ಭಾರ ಇನ್ನೂ ಇದೆ" ಎಂದ.

ನಾನೇನು ಹೇಳಿದೆ? "ಫೈರ್‌ಮನ್ ಆಗಿ ಹೀಗಂದರೆ ಹೇಗಪ್ಪಾ? ಗಟ್ಟಿ ಮನಸ್ಸು ಮಾಡಿಕೊಂಡು ಮರೆತುಬಿಡು" ಎಂದೆ. ಮೂರು ದಶಕ ಮಕ್ಕಳಿಗೆ ಪಾಠ ಹೇಳಿದ, ಬಿ.ಎಡ್.ನಲ್ಲಿ ಮನೋವಿಜ್ಞಾನವನ್ನೂ ಓದಿ ಉತ್ತೀರ್ಣನಾದ ಮನುಷ್ಯನ ಬುದ್ಧಿವಾದವಿದು! ಅವನು ತಲೆಯಾಡಿಸಿ ಹೊರಟುಹೋದ. ಮುಂದೆ ನಾಲ್ಕು ವರ್ಷ ನಮ್ಮ ಮನೆಯ ಕಡೆ ಸುಳಿಯಲಿಲ್ಲ. ಆ ಅವಧಿಯಲ್ಲಿ ಕುಡಿತ ಹತ್ತಿಸಿಕೊಂಡದ್ದೂ, ಹೆಂಡತಿ ಮಕ್ಕಳನ್ನು ಕರೆದುಕೊಂಡು ತವರಿಗೆ ಹೋದದ್ದೂ ನನಗೆ ತಿಳಿದದ್ದು ಆಮೇಲೆ.

ಅವನನ್ನು ಚಿಕಿತ್ಸೆಗೆ ಕರೆದೊಯ್ದವರು ಅದೇ ಠಾಣೆಯ ಹಿರಿಯ ಸಹೋದ್ಯೋಗಿ. ತಮ್ಮ ಕಾಲದಲ್ಲಿ ಬಾವಿ, ಕೆರೆಗಳಿಂದ ಹೆಣ ತೆಗೆದು ತೆಗೆದು ತಾವೂ ಹಾಗೆಯೇ ಆಗಿದ್ದೆನೆಂದು ಅವರು ಮೊದಲು ತಮ್ಮ ಕಥೆ ಹೇಳಿಕೊಂಡರಂತೆ. ನನ್ನಂಥವನ ಉಪದೇಶ ಮಾಡದ್ದನ್ನು ಆ ಒಂದು ಮಾತು ಮಾಡಿತು. 2001ರ ಸೆಪ್ಟೆಂಬರ್ 11ರಂದು 343 ಮಂದಿಯನ್ನು ಕಳೆದುಕೊಂಡ ನ್ಯೂಯಾರ್ಕ್ ಅಗ್ನಿಶಾಮಕ ಇಲಾಖೆಯೂ ಇದೇ ದಾರಿ ಹಿಡಿಯಿತೆಂದು ಓದಿದ್ದೇನೆ. ಆಪ್ತಸಲಹೆಗಾರರ ಜೊತೆಗೆ, ಸಮವಸ್ತ್ರ ತೊಟ್ಟು ಅದೇ ಕೆಲಸ ಮಾಡಿದವರೂ ಠಾಣೆಗಳಿಗೇ ಹೋಗಿ ಕುಳಿತು ಮಾತಾಡಿಸಿದರು.

ಈ ವ್ಯಾಧಿಗೆ ಪಿಟಿಎಸ್‌ಡಿ, ಅಂದರೆ ಆಘಾತೋತ್ತರ ಒತ್ತಡದ ಕಾಯಿಲೆ ಎಂಬ ಹೆಸರು ಅಮೆರಿಕದ ಮನೋವೈದ್ಯರ ಕೈಪಿಡಿಯಲ್ಲಿ ಸೇರಿದ್ದೇ 1980ರಲ್ಲಿ. ಮೂರು ವರ್ಷಗಳ ಬಳಿಕ, 1983ರ ಫೆಬ್ರವರಿಯಲ್ಲಿ, ದಕ್ಷಿಣ ಆಸ್ಟ್ರೇಲಿಯಾದಲ್ಲಿ ಭೀಕರ ಕಾಳ್ಗಿಚ್ಚು ಎದ್ದಿತು. ಅದರೊಡನೆ ಸೆಣಸಿದ 469 ಸ್ವಯಂಸೇವಕರನ್ನು ಅಲೆಗ್ಸಾಂಡರ್ ಮೆಕ್‌ಫಾರ್ಲೇನ್ ಎಂಬ ಮನೋವೈದ್ಯರು ಎರಡು ವರ್ಷಕ್ಕೂ ಹೆಚ್ಚು ಕಾಲ ಗಮನಿಸಿದರು. ಕೆಲವರಲ್ಲಿ ನೋವು ತಲೆಯೆತ್ತಿದ್ದು ಬೆಂಕಿಯ ಬೆನ್ನಿಗಲ್ಲ, ತಿಂಗಳುಗಳು ಕಳೆದ ಮೇಲೆ. ಎಲ್ಲರೂ "ಪಾರಾದೆವು" ಎಂದು ನಿಟ್ಟುಸಿರು ಬಿಟ್ಟ ನಂತರ!

ಹಾಗೆಂದು ಅವಘಡ ಮುಗಿದ ಮರುದಿನವೇ ಎಲ್ಲರನ್ನೂ ಕೂರಿಸಿ ಬಾಯಿ ಬಿಡಿಸಬೇಕೆಂದೂ ಅಲ್ಲ. ಹಿಂದೆ ಸ್ವತಃ ಅಗ್ನಿಶಾಮಕ ದಳದಲ್ಲಿದ್ದ ಜೆಫ್ರಿ ಮಿಚೆಲ್ 1983ರಲ್ಲಿ ಅಂಥ ಸಾಮೂಹಿಕ ಮಾತುಕತೆಯ ಕ್ರಮವೊಂದನ್ನು ಮುಂದಿಟ್ಟರು. ಅದು ಬೇಗ ಹರಡಿತು. ಆದರೆ ಅದರ ಮಾದರಿಯಲ್ಲಿ ಒಬ್ಬೊಬ್ಬರನ್ನೇ ಕೂರಿಸಿ ಒಂದೇ ಬಾರಿ ಮಾತಾಡಿಸುವುದರಿಂದ ಕಾಯಿಲೆ ತಪ್ಪುವುದಿಲ್ಲವೆಂದು, ಹಲವು ಅಧ್ಯಯನಗಳನ್ನು ತೂಗಿನೋಡಿದ 2002ರ ಕಾಕ್ರೇನ್ ಪರಾಮರ್ಶೆ ತಿಳಿಸಿತು. ಮೊದಲ ದಿನಗಳಲ್ಲಿ ನೀರು, ನಿದ್ದೆ, ಮನೆಯವರ ಸಾಮೀಪ್ಯ. ಬಲವಂತವಿಲ್ಲದ ಒಂದು ಜೊತೆ. ತಿಂಗಳು ಕಳೆದರೂ ನೆನಪು ಕಾಡುತ್ತಲೇ ಇದ್ದರೆ ಆಗ ಕ್ರಮಬದ್ಧ ಚಿಕಿತ್ಸೆ.

ಇವನ ಚಿಕಿತ್ಸೆ ಮೂರು ತಿಂಗಳಿಗೂ ಮಿಗಿಲಾಗಿ ನಡೆಯಿತು. ವಾರಕ್ಕೊಮ್ಮೆ ಹೋಗಿ, ಆ ರಾತ್ರಿ ನಡೆದದ್ದನ್ನು ಗಂಟೆ ಬಾರಿಸಿದ ಕ್ಷಣದಿಂದ ಆಂಬುಲೆನ್ಸ್ ಬಾಗಿಲು ಮುಚ್ಚುವವರೆಗೆ, ಈಗ ನಡೆಯುತ್ತಿದೆಯೆಂಬಂತೆ ಹೇಳಬೇಕು. ಅದನ್ನು ಧ್ವನಿಮುದ್ರಿಸಿಕೊಂಡು ಮನೆಯಲ್ಲಿ ದಿನವೂ ಕೇಳಬೇಕು. ಕೇಳಿದಾಗ ನನಗೆ ಇದು ಕ್ರೌರ್ಯವೆನಿಸಿತು. ಗಾಯವನ್ನು ಪದೇ ಪದೇ ಕೆರೆಯುವುದೇಕೆ ಎಂದೆ.

ಅವನು ನಕ್ಕು, "ಸಾರ್, ಹುಲ್ಲಿನ ಬಣವೆಗೆ ಬೆಂಕಿ ಬಿದ್ದಾಗ ಮೇಲೆ ನೀರು ಹೊಡೆದು ಬಂದುಬಿಟ್ಟರೆ ಮರುದಿನ ಮತ್ತೆ ಕರೆ ಬರುತ್ತದೆ. ಬಣವೆ ಕಿತ್ತು, ಹರಡಿ, ಒಳಗಿನ ಕೆಂಡಕ್ಕೆ ನೀರು ಹಾಕಬೇಕು. ರಾತ್ರಿಯಿಡೀ ಆ ಕೆಲಸವೇ" ಎಂದ. ದಹನಕ್ರಿಯೆಯ ಪಾಠವನ್ನು ಅವನಿಗೆ ಹೇಳಿಕೊಟ್ಟವನು ನಾನೇ. ಬಣವೆಯ ವಿಷಯ ನನ್ನ ಪಾಠದಲ್ಲಿರಲಿಲ್ಲ.

ನೆನಪು ಅಳಿಸಿಹೋಗಿಲ್ಲ. ಆರನೆಯ ವಾರದಲ್ಲಿ ಹೇಳುತ್ತಿದ್ದಾಗ, ತಾನು ಒಳಗೆ ಕಾಲಿಡುವ ಮೊದಲೇ ಮಗು ಉಸಿರು ನಿಲ್ಲಿಸಿತ್ತೆಂಬ ವೈದ್ಯರ ಮಾತು ಮೊದಲ ಬಾರಿಗೆ ಅವನ ಕಿವಿಗೆ ಬಿತ್ತಂತೆ. ಆ ಮಾತನ್ನು ಅಂದೇ ಹೇಳಿದ್ದರು, ಅವನಿಗೆ ಕೇಳಿಸಿರಲಿಲ್ಲ. ಅಷ್ಟು ವರ್ಷ ಅವನು ತಡವಾಗಿ ಹೋದೆನೆಂದೇ ತನ್ನನ್ನು ಶಿಕ್ಷಿಸಿಕೊಂಡಿದ್ದ. ಹೆಂಡತಿ ಮಕ್ಕಳು ಮರಳಿ ಬಂದಿದ್ದಾರೆ. ಕುಡಿತ ಬಿಡಲು ಮಾತ್ರ ಇನ್ನೂ ಒಂದು ವರ್ಷ ಹೆಣಗಿದ.

ಪೊಲೀಸ್, ಸೇನೆ, ಆಸ್ಪತ್ರೆಗಳಲ್ಲಿ ದುಡಿಯುತ್ತಿರುವ ನನ್ನ ವಿದ್ಯಾರ್ಥಿಗಳೂ ಇದನ್ನು ಓದುತ್ತೀರಿ. 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿಯ ಸಂಖ್ಯೆ 14416. ಕನ್ನಡದಲ್ಲಿಯೇ ಮಾತನಾಡಬಹುದು. ಬರೆದಿಟ್ಟುಕೊಳ್ಳಿ.

ಸಪ್ತಾಹದ ಕಾರ್ಯಕ್ರಮ ಮುಗಿಸಿ ಅವನು ನಮ್ಮ ಮನೆಗೆ ಬಂದ. ಅವನು ಬರುವುದು ತಿಳಿದು ನನ್ನಾಕೆ ಹುಳಿ ಮಾಡಿಟ್ಟಿದ್ದಳು. ಸುಡುವ ಪದಾರ್ಥ ಏನೂ ಇರಲಿಲ್ಲ. ಅವನು ಕೈಚೀಲದಿಂದ ಎರಡು ದಪ್ಪ ಬದನೆಕಾಯಿ ತೆಗೆದು, "ಅಮ್ಮಾ, ಅವತ್ತು ಗೊಜ್ಜು ತಿನ್ನದೆ ಹೋಗಿದ್ದೆ" ಎಂದ. ಅವಳು ನನ್ನ ಮುಖ ನೋಡಿದಳು. ನಾನು ಏನೂ ಹೇಳಲಿಲ್ಲ. ಕಾಯಿ ಸುಡುವಷ್ಟು ಹೊತ್ತೂ ಅವನು ಅಡುಗೆಮನೆಯ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದ. ಹಣೆಯಲ್ಲಿ ಬೆವರಿತ್ತು. ಒಮ್ಮೆ ಮುಖವನ್ನು ಆಚೆ ತಿರುಗಿಸಿದನಾದರೂ ಹೊರಗೆ ಹೋಗಲಿಲ್ಲ.