ಗಿಡದ ಮೇಲಿಂದ ಒಗೆದ ತಟ್ಟೆ

ಡಿಸ್ಕ್ ಗಾಲ್ಫ್ ಆಡುವಾಗ ನನಗೆ ಬಲು ಹಿತವಾದ ಗಳಿಗೆಯೊಂದಿದೆ. ಗುರಿ ಇನ್ನು ಮೂವತ್ತು ನಲವತ್ತು ಮೀಟರು ಉಳಿದಿರಬೇಕು, ನಡುವೆ ಒಂದು ಹೊಂಗೆ ಗಿಡ ಅಡ್ಡ ನಿಂತಿರಬೇಕು. ಎಡಕ್ಕೆ ಬಳಸಿ ಹೋಗೋಣವೆಂದರೆ ಜಾಲಿ, ಬಲಕ್ಕೆ ತುಂಗಭದ್ರೆ. ಕೆಳಗಿನಿಂದ ತೂರಿಸೋಣವೆಂದರೆ ಕೊಂಬೆಗಳು ಸೊಂಟದವರೆಗೆ ಬಾಗಿವೆ. ಉಳಿದದ್ದು ಆಕಾಶವೊಂದೇ. ಆಗ ತಟ್ಟೆಯನ್ನು ಅಂಚಿನ ಮೇಲೆ ನೆಟ್ಟಗೆ ಹಿಡಿದು, ಕೈಯನ್ನು ಕಿವಿಯ ಪಕ್ಕದಿಂದ ಮೇಲೆತ್ತಿ ಬೀಸಬೇಕು. ಅದು ಕತ್ತಿಯಂತೆ ನಿಂತೇ ಏರುತ್ತದೆ, ಗಿಡದ ನೆತ್ತಿ ದಾಟುವಾಗ ಮೆಲ್ಲಗೆ ಮಗುಚಿಕೊಳ್ಳುತ್ತದೆ, ಆಮೇಲೆ ಬೆನ್ನು ಕೆಳಗೆ ಮಾಡಿಕೊಂಡು ಆಚೆ ಕಡೆ ಇಳಿದುಬಿಡುತ್ತದೆ. ಬಿದ್ದ ಸದ್ದು ಮಾತ್ರ ಕೇಳುತ್ತದೆ. ಎಲ್ಲಿ ಬಿತ್ತೆಂದು ನೋಡಲು ಗಿಡ ಸುತ್ತಿ ನಡೆಯುವ ಆ ನಾಲ್ಕು ಹೆಜ್ಜೆಯ ಆತುರ ನನಗೆ ಬೇರೆ ಯಾವ ಆಟದಲ್ಲೂ ಸಿಕ್ಕಿಲ್ಲ.

ಆಟದ ಲೆಕ್ಕ ಗಾಲ್ಫಿನದೇ. ಚೆಂಡಿನ ಬದಲು ತಟ್ಟೆ, ಕುಳಿಯ ಬದಲು ಕಂಬಕ್ಕೆ ಸರಪಳಿ ಇಳಿಬಿಟ್ಟ ಬುಟ್ಟಿ. ಕಡಿಮೆ ಎಸೆತದಲ್ಲಿ ಮುಟ್ಟಿಸಿದವರು ಗೆದ್ದಂತೆ. ಇದಕ್ಕೆ ರೂಪ ಕೊಟ್ಟವರಲ್ಲಿ ಮುಖ್ಯನಾದ ಎಡ್ ಹೆಡ್ರಿಕ್ ಎಂಬ ಅಮೆರಿಕನ್ ಮೊದಲು ಫ್ರಿಸ್ಬಿಯನ್ನು ತಿದ್ದಿ ನೇರವಾಗಿ ಹಾರುವಂತೆ ಮಾಡಿದ, 1975ರಲ್ಲಿ ಕ್ಯಾಲಿಫೋರ್ನಿಯಾದ ಓಕ್ ಗ್ರೋವ್‌ನಲ್ಲಿ ಮೊದಲ ಕಾಯಂ ಅಂಗಳ ಹಾಕಿದ, ಆಮೇಲೆ ಸರಪಳಿ ಬುಟ್ಟಿಯನ್ನು ರೂಪಿಸಿದ. 2002ರಲ್ಲಿ ತೀರಿಕೊಂಡಾಗ ಅವನ ಇಚ್ಛೆಯಂತೆ ಚಿತಾಭಸ್ಮವನ್ನು ಬೆರೆಸಿ ತಟ್ಟೆಗಳನ್ನೇ ಮಾಡಿದರಂತೆ. ಮಾಡಿದ ಕೆಲಸವನ್ನು ಇಷ್ಟು ಪ್ರೀತಿಸಿದ ಮನುಷ್ಯನ ಮೇಲೆ ನನಗೆ ಗೌರವ. ಬುಟ್ಟಿ ಹುಟ್ಟುವ ಮೊದಲು ಅಲ್ಲಿನ ಆಟಗಾರರೂ ಮರ, ಕಂಬ, ಕಸದ ಡಬ್ಬಿಗಳನ್ನೇ ಗುರಿ ಮಾಡಿಕೊಂಡು ಆಡಿದವರು. ಹರಿಹರದ ಹೊಳೆದಂಡೆಯಲ್ಲಿ ನಾನು ಮತ್ತು ಅಕ್ಕನ ಮಗ ಆಡುವುದೂ ಹಾಗೆಯೇ. ಇವತ್ತು ಆ ಬೇವಿನ ಬೊಡ್ಡೆ, ನಾಳೆ ಈ ಕಲ್ಲುಕಂಬ.

ಗುರಿಯ ಹತ್ತಿರ ಬಂದ ಮೇಲೆ ನಾಜೂಕಾಗಿ, ಮಟ್ಟಸವಾಗಿ, ನೆಲದ ಮೇಲೇ ತೇಲಿಸಿ ಬಿಡಬೇಕೆಂದು ತಿಳಿದವರು ಹೇಳುತ್ತಾರೆ. ಹುಲ್ಲು ಹಾಸಿದ ಅಂಗಳಕ್ಕೆ ಅದು ಸರಿ. ನಮ್ಮ ದಾವಣಗೆರೆಯ ನೆಲಕ್ಕೆ ಆ ಮಾತು ಹೊಂದುವುದಿಲ್ಲ. ಬೇಸಿಗೆಯಲ್ಲಿ ಹೈಸ್ಕೂಲ್ ಮೈದಾನದಂಥ ಗಟ್ಟಿ ನೆಲದ ಮೇಲೆ ಮಟ್ಟಸವಾಗಿ ಒಗೆದ ತಟ್ಟೆ ಇಳಿದಲ್ಲಿ ನಿಲ್ಲುವುದೇ ಇಲ್ಲ. ಗರಸಿನ ಮೇಲೆ ಜಾರಿ, ಪುಟಿದು, ಗುರಿ ದಾಟಿ ಇನ್ನೂ ಅಷ್ಟು ದೂರ ಓಡುತ್ತದೆ. ಅಂಚಿನ ಮೇಲೆ ಬಿದ್ದರಂತೂ ಬಂಡಿಯ ಗಾಲಿಯೇ ಆಗಿ ಉರುಳುತ್ತದೆ. ಹೊಳೆ ಕಡೆ ಇಳಿಜಾರಿದ್ದರೆ ಆಟ ಮುಗಿಯಿತು, ಈ ಆಟದ ಭಾರದ ತಟ್ಟೆಗಳು ಹೆಚ್ಚಿನವು ನೀರಿನಲ್ಲಿ ಮುಳುಗುವಂಥವು. ಮೇಲಿಂದ ಒಗೆದದ್ದು ಹಾಗಲ್ಲ. ಅದು ಕಡಿದಾಗಿ ಇಳಿಯುತ್ತದೆ, ಮುಂದಕ್ಕೆ ಓಡುವ ಕಸುವನ್ನೆಲ್ಲ ಏರುವುದರಲ್ಲೇ ಖರ್ಚು ಮಾಡಿಕೊಂಡಿರುತ್ತದೆ. ಬೆನ್ನ ಮೇಲೆ ಬಿದ್ದರೆ ಒಂದು ಮೊಳ ಜಾರಿ ಸುಮ್ಮನಾಗುತ್ತದೆ. ಮಳೆ ಬಿದ್ದ ಎರೆ ನೆಲದಲ್ಲಾದರೆ ಅಂಚು ಕಚ್ಚಿಕೊಂಡು ನೆಟ್ಟಗೆ ನಿಲ್ಲುವುದೂ ಉಂಟು.

ಹೀಗೆ ಒಗೆಯುವುದರಲ್ಲಿ ಎರಡು ಬಗೆ. ಹೆಬ್ಬೆರಳನ್ನು ತಟ್ಟೆಯ ಒಳಅಂಚಿಗೆ ಕೊಟ್ಟು ಒಗೆದರೆ ಥಂಬರ್, ತೋರುಬೆರಳು ನಡುಬೆರಳನ್ನು ಕೊಟ್ಟರೆ ಟೊಮಹಾಕ್. ಎರಡರ ತಿರುಗಣೆ ಒಂದಕ್ಕೊಂದು ಉಲ್ಟಾ, ಆದ್ದರಿಂದ ಮಗುಚುವ ದಿಕ್ಕೂ ಉಲ್ಟಾ. ಗಿಡದಾಚೆ ಬಲಕ್ಕೆ ಇಳಿಯಬೇಕೋ ಎಡಕ್ಕೆ ಇಳಿಯಬೇಕೋ ನೋಡಿಕೊಂಡು ಬೆರಳು ಬದಲಿಸಿದರಾಯಿತು. ಕಸುವು ಬೇಕಾಗಿಲ್ಲ. ನಿಜವಾಗಿ ಬೇಕಾದದ್ದು ಎತ್ತರದ ಅಂದಾಜು: ತೀರ ಕೆಳಗೆ ಬಿಟ್ಟರೆ ಮಗುಚಲು ಹೊತ್ತು ಸಾಲದೆ ಅಂಚಿನ ಮೇಲೆ ಬಿದ್ದು ಉರುಳುತ್ತದೆ, ಮೇಲಕ್ಕೆ ಹೆಚ್ಚು ಬಿಟ್ಟರೆ ಪೂರ್ತಿ ಮಗುಚಿ ಪಕ್ಕಕ್ಕೆ ಸರಿಯುತ್ತ ಹೋಗುತ್ತದೆ. ನಡುವಿನ ಒಂದು ಎತ್ತರ ಕೈಗೆ ಸಿಕ್ಕಿದ ದಿನ ಮನೆಗೆ ಹೋಗಲು ಮನಸ್ಸೇ ಬರುವುದಿಲ್ಲ.

ನನ್ನ ಅಳಿಯ ಈ ಆಟ ಕಲಿತದ್ದು ಹೊರದೇಶದಲ್ಲಿ ಓದುವಾಗ. ಅವನು ಮಟ್ಟಸವಾಗಿ ಒಗೆದರೆ ತಟ್ಟೆ ನೂರು ಮೀಟರು ತೇಲುತ್ತದೆ, ನನಗೆ ಅದರ ಅರ್ಧವೂ ಆಗದು. ಆದರೆ ಗಿಡ ಅಡ್ಡ ಬಂದ ಕೂಡಲೇ ಅವನೇ ಹಿಂದೆ ಸರಿದು, “ಮಾವ, ನೀವು ಬರ್ರಿ, ಮ್ಯಾಲಿಂದ ಒಗೀರಿ” ಅನ್ನುತ್ತಾನೆ. ಈ ಬೀಸು ನಮ್ಮ ತಲೆಮಾರಿನ ತೋಳಿಗೆ ಮೊದಲೇ ಗೊತ್ತು. ಹುಣಸೆಕಾಯಿಗೆ ಕಲ್ಲು ಬೀರಿದ್ದು, ಲಗೋರಿಯ ಚೆಂಡಿನಿಂದ ಓಡುವವನ ಬೆನ್ನಿಗೆ ಹೊಡೆದದ್ದು ಎಲ್ಲ ಕಿವಿಯ ಪಕ್ಕದಿಂದಲೇ. ಬುಗುರಿಯದಂತೂ ಇದರ ಸೋದರ ವಿದ್ಯೆ. ಚಾಟಿ ಬಿಗಿಯಾಗಿ ಸುತ್ತಿ, ಕೈಯೆತ್ತಿ, ಗೆರೆಯೊಳಗೆ ಮಲಗಿದ ಇನ್ನೊಬ್ಬನ ಬುಗುರಿಯ ನೆತ್ತಿಗೆ ಸರಿಯಾಗಿ ಇಳಿಸಿದರೆ ಮೊಳೆ ಕಚ್ಚಿ ಗುನ್ನ ಬೀಳುತ್ತಿತ್ತು. ಎರಡೇ ಮಾರು ದೂರದ ಗುರಿಗೂ ಕೈ ಮೇಲೆತ್ತಿಯೇ ಹೊಡೆಯಬೇಕೆಂದು ಆಗ ಯಾರೂ ಹೇಳಿಕೊಟ್ಟಿರಲಿಲ್ಲ. ಕೈ ತಾನೇ ಕಲಿತಿತ್ತು. ಈಗಿನ ಹುಡುಗರ ಕೈಯೂ ಹಾಗೆಯೇ; ದಾವಣಗೆರೆ ಕ್ರಿಕೆಟಿಗ ವಿನಯ್ ಕುಮಾರ್ ಅವರ ಊರಲ್ಲವೇ. 2013-14 ಮತ್ತು 2014-15ರಲ್ಲಿ ಸಾಲಾಗಿ ಎರಡು ರಣಜಿ ಟ್ರೋಫಿ ಗೆದ್ದ ಕರ್ನಾಟಕ ತಂಡದ ನಾಯಕ. ‘ದಾವಣಗೆರೆ ಎಕ್ಸ್‌ಪ್ರೆಸ್’ ಎಂದು ಕರೆಸಿಕೊಂಡ ಆ ಬೌಲರ್‌ನನ್ನು ನೋಡಿ ಬೆಳೆದ ಹುಡುಗರು ಹೊಳೆದಂಡೆಗೆ ಬಂದರೆ ತಟ್ಟೆಯನ್ನು ಮೊದಲ ಸಲ ಹಿಡಿದಾಗಲೇ ಮೇಲಿಂದ ಬೀಸುತ್ತಾರೆ. ಮಟ್ಟಸವಾಗಿ ಒಗೆಯುವುದನ್ನು ಅವರಿಗೆ ಕಲಿಸಬೇಕು, ಇದನ್ನು ಕಲಿಸಬೇಕಾಗಿಲ್ಲ.

ಹರಿಹರದಲ್ಲಿ ತಿರುಗುವ ವಸ್ತುಗಳಿಗೆ ಹಳೆಯ ಮರ್ಯಾದೆಯೂ ಇದೆಯೆಂದು ನನಗೆ ಅನ್ನಿಸುವುದುಂಟು. ಆಟ ಮುಗಿಸಿ ಹರಿಹರೇಶ್ವರ ಗುಡಿಗೆ ಹೋದರೆ, 1224ರಲ್ಲಿ ಪೊಲಾಳ್ವ ದಂಡನಾಯಕ ಕಟ್ಟಿಸಿದ ಆ ಮಂಟಪದ ಕಂಬಗಳು ತಿರುಗಣೆ ಹಿಡಿದ ಹೊಯ್ಸಳ ಕಂಬಗಳೇ. ಉಂಗುರ ಉಂಗುರವಾಗಿ ನುಣುಪಾಗಿವೆ. ಏಳು ಶತಮಾನ ಕಳೆದ ಮೇಲೆ ಇದೇ ಊರಿಗೆ ಮೈಸೂರು ಕಿರ್ಲೋಸ್ಕರ್ ಬಂದು ಲೇತ್ ಯಂತ್ರ ತಯಾರಿಸಿತು. ಎಷ್ಟೋ ಮನೆಗಳು ಆ ಲೇತಿನ ಮೇಲೆ ಬದುಕಿದವು. ಆ ಕಾರ್ಖಾನೆಯಲ್ಲಿ ದುಡಿದ ಹಿರಿಯರೊಬ್ಬರು ಒಂದು ಸಂಜೆ ತಟ್ಟೆಯನ್ನು ಕೈಗೆ ತಗೊಂಡು, ಅಂಚಿನ ದಪ್ಪವನ್ನು ಬೆರಳಲ್ಲಿ ಸವರಿ, “ತೂಕ ಎಲ್ಲಾ ಹೊರಗಿನ ಬಳಿಗೆ ಇಟ್ಟಾರ, ಅದಕ್ಕ ಸುತ್ತು ಬಿಡೂದಿಲ್ಲ” ಎಂದರು. ಪುಸ್ತಕ ಓದದೆ ಹೇಳಿದ ಸತ್ಯ. ಅಂಚಿನಲ್ಲಿ ಭಾರ ಕುಳಿತಿರುವುದರಿಂದಲೇ ತಲೆಕೆಳಗಾದರೂ ಆ ತಟ್ಟೆ ತನ್ನ ಸುತ್ತು ಉಳಿಸಿಕೊಂಡು ಇಳಿಯುತ್ತದೆ.

ಭುಜಕ್ಕೆ ಮಾತ್ರ ಇದು ಕಠಿಣವಾದ ಎಸೆತ. ತೋಳನ್ನು ಬಿಸಿ ಮಾಡಿಕೊಳ್ಳದೆ ಒಗೆಯಬಾರದು, ನೋವೆನ್ನಿಸಿದ ದಿನ ಒಗೆಯಲೇಬಾರದು. ಗುರಿಗೆ ಹತ್ತು ಮೀಟರಿನ ಒಳಗೆ ಬಂದ ಮೇಲೆ ನಿಯಮವೂ ಬದಲಾಗುತ್ತದೆ: ಒಗೆದಾದ ಮೇಲೆ ಮುಂದಕ್ಕೆ ಮುಗ್ಗರಿಸದೆ, ತೂಕ ತಪ್ಪದೆ ನಿಂತು ತೋರಿಸಿಯೇ ಮುಂದಿನ ಹೆಜ್ಜೆ ಇಡಬೇಕು. ಅಲ್ಲಿ ಮೇಲಿಂದ ಬೀಸುವುದಕ್ಕೆ ಕೆಲಸ ಕಡಿಮೆ. ಅದರ ಜಾಗ ಹತ್ತಕ್ಕೂ ಐವತ್ತಕ್ಕೂ ನಡುವೆ.

ಈಗ ಆಷಾಢ. ಪಡುವಣ ಗಾಳಿ ದಂಡೆಯುದ್ದಕ್ಕೂ ಬೀಸುತ್ತಿದೆ. ಎದುರುಗಾಳಿಗೆ ಮಟ್ಟಸವಾದ ತಟ್ಟೆ ಮೂಗೆತ್ತಿ ಹಿಂದಕ್ಕೆ ಬರುತ್ತದೆ, ಮೇಲಿಂದ ಒಗೆದದ್ದು ಅಂಚಿನಿಂದ ಗಾಳಿಯನ್ನು ಸೀಳಿಕೊಂಡು ಹೋಗುತ್ತದೆ. ಅಡ್ಡಗಾಳಿಯಾದರೆ ಮಾತ್ರ ನಿಂತ ತಟ್ಟೆಯ ಮೈಯೆಲ್ಲ ಗಾಳಿಗೆ ಒಡ್ಡಿದಂತೆ, ಮಾರುಗಟ್ಟಲೆ ತಳ್ಳಿಬಿಡುತ್ತದೆ. ಅದಕ್ಕೆ ಎಷ್ಟು ಬಲಕ್ಕೆ ಗುರಿಯಿಡಬೇಕೆಂಬುದರಲ್ಲಿ ನನಗೂ ಅಳಿಯನಿಗೂ ಇನ್ನೂ ಒಮ್ಮತವಿಲ್ಲ.